ಅಜಿಲಿಟಿ ಓಡುವ ಹೆಣ್ಣು ಶೆಫರ್ಡ್‌ಗೆ ಆಪರೇಷನ್ ಮಾಡ್ಸಬೇಕಾ? ಮಾಡ್ಸೋದಾದ್ರೆ ಯಾವಾಗ?

ಪಿಜೆ ಬಡಾವಣೆ ಶೆಫರ್ಡ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಜರ್ಮನ್ ಶೆಫರ್ಡ್, ಹೆಣ್ಣು, ವಯಸ್ಸು 13 ತಿಂಗಳು, ತೂಕ 26 ಕೆಜಿ, ಭುಜದ ಎತ್ತರ 57 ಸೆಂ.ಮೀ. ಅಜಿಲಿಟಿಗೆ (ಅಡೆತಡೆ ದಾಟಿ ಓಡೋ ನಾಯಿ ಸ್ಪರ್ಧೆ) ಟನಲ್, ಕಡಿಮೆ ಎತ್ತರದ ಜಂಪ್, ಆರು ಕಂಬದ ವೀವ್ (ಕಂಬಗಳ ನಡುವೆ ನುಸುಳಿ ಓಡೋದು) ಇಷ್ಟು ಕಲಿತಿದೆ. ಮೊದಲ ಸಲ ಹೀಟಿಗೆ (ಬೆದೆಗೆ) ಬಂದಿದ್ದು ಜುಲೈ ಮಧ್ಯದಲ್ಲಿ, ಇವತ್ತಿಗೆ ಏಳು ವಾರ. ಮರಿ ಮಾಡಿಸೋ ಆಲೋಚನೆ ಇಲ್ಲ. ಮುಂದಿನ ವಾರ ಗರ್ಭಕೋಶ, ಅಂಡಾಶಯ ತೆಗೆಯೋ ಆಪರೇಷನ್ ಮಾಡ್ಬಿಡೋಣ ಅಂತ ಒಂದು ಕಡೆ ದಿನ ಕೊಟ್ಟಿದ್ದಾರೆ. ಆಪರೇಷನ್ ಆದ ನಾಯಿ ದಪ್ಪ ಆಗಿ ಓಟ ಹೋಗುತ್ತೆ, ಮಂಡಿ ಕೆಡುತ್ತೆ ಅಂತ ಕೆಲವರು. ಮಾಡ್ಸದಿದ್ರೆ ಗರ್ಭಕೋಶದಲ್ಲಿ ಕೀವು ಆಗುತ್ತೆ ಅಂತ ಇನ್ನು ಕೆಲವರು. ಯಾರ ಮಾತು ಹಿಡೀಬೇಕು? ಗೊತ್ತಿರೋರು ಬಿಡಿಸಿ ಹೇಳ್ರಿ.

ದುರ್ಗದ ಪಶುವೈದ್ಯ

ಮೊದಲು ಮುಂದಿನ ವಾರದ ದಿನ ಮುಂದೂಡಿ. ಮಾಡಿಸಬೇಕೋ ಬೇಡವೋ ಅನ್ನೋದು ಆಮೇಲಿನ ಮಾತು. ಏಳನೇ ವಾರದಲ್ಲಂತೂ ಬೇಡ.

ಕಾರಣ ಇದು. ಹೆಣ್ಣು ನಾಯಿ ಗಬ್ಬ ಆಗಲಿ ಬಿಡಲಿ, ಹೀಟ್ ಮುಗಿದ ಮೇಲೆ ಸುಮಾರು ಎರಡು ತಿಂಗಳು ಅಂಡಾಶಯ ಪ್ರೊಜೆಸ್ಟರಾನ್ ಹಾರ್ಮೋನ್ ಸುರಿಸುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಗರ್ಭಕೋಶಕ್ಕೆ ರಕ್ತದ ಹರಿವು ಜಾಸ್ತಿ, ನಾಳಗಳು ಉಬ್ಬಿರುತ್ತವೆ, ಅಂಗಾಂಶ ಮೆತ್ತಗಿದ್ದು ದಾರ ಬಿಗಿದ ಕಡೆ ಹರಿಯುತ್ತದೆ. ರಕ್ತಸ್ರಾವದ ಅಪಾಯ ಹೆಚ್ಚು. ಜೊತೆಗೆ ಅಂಡಾಶಯ ತೆಗೆದ ಕ್ಷಣ ಪ್ರೊಜೆಸ್ಟರಾನ್ ಧಪ್ಪನೆ ಇಳಿದು, ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಏರುತ್ತದೆ. ಹುಸಿ ಗಬ್ಬ ಶುರುವಾಗಿ, ಮೊಲೆಯಲ್ಲಿ ಹಾಲು, ಗೊಂಬೆಗಳನ್ನು ಮರಿ ಅಂತ ಕಾಯುವುದು, ಸಿಡುಕು, ಇವೆಲ್ಲ ತಿಂಗಳುಗಟ್ಟಲೆ ಎಳೆಯಬಹುದು. ಅಂಥ ನಾಯಿ ತರಬೇತಿಗೆ ಬಗ್ಗುವುದಿಲ್ಲ.

ಹೀಟ್ ಮುಗಿದು ಮೂರು ತಿಂಗಳಾದ ಮೇಲೆ, ಮುಂದಿನ ಹೀಟಿಗೆ ಒಂದೂವರೆ ತಿಂಗಳಾದರೂ ಇರುವಾಗ ಅಂಡಾಶಯ ನಿದ್ದೆಯಲ್ಲಿರುತ್ತದೆ. ಕತ್ತರಿ ಹಾಕಲು ಅದೇ ಸರಿಯಾದ ಕಾಲ. ನಿಮ್ಮ ಲೆಕ್ಕಕ್ಕೆ ಅದು ನವೆಂಬರ್.

ಒಂದು ವಿಷಯ ಈಗಿನಿಂದಲೇ ಗಮನಿಸಿ. ಹೀಟ್ ಆದ 4ರಿಂದ 8 ವಾರದ ಒಳಗೇ ಗರ್ಭಕೋಶದಲ್ಲಿ ಕೀವು, ಅಂದರೆ ಪಯೋಮೆಟ್ರಾ, ಕಾಣಿಸಿಕೊಳ್ಳುವುದು ಹೆಚ್ಚು. ಎಳೆ ವಯಸ್ಸಿನಲ್ಲಿ ಅಪರೂಪ, ಆದರೂ ನೀರು ಜಾಸ್ತಿ ಕುಡಿಯುವುದು, ಊಟ ಬಿಡುವುದು, ವಾಂತಿ, ಹಿಂದೆ ಕೀವು ಕಂಡರೆ ಅದೇ ದಿನ ಸ್ಕ್ಯಾನ್ ಮಾಡಿಸಿ. ಕೀವು ಹೊರಗೆ ಬರದೆ ಒಳಗೇ ತುಂಬಿಕೊಳ್ಳುವುದೂ ಉಂಟು, ಅದು ಇನ್ನೂ ಅಪಾಯ. ಅಂಥಲ್ಲಿ ಮಾತ್ರ ಯಾವ ವಾರ ಎಂದು ನೋಡದೆ ಆಪರೇಷನ್ ಮಾಡಲೇಬೇಕು.

ಹರಿಹರ ಟ್ರೇನರ್

ಡಾಕ್ಟ್ರು ಹೇಳಿದ್ದು ದಿನದ ಮಾತು. ನಾನು ವಯಸ್ಸಿನ ಮಾತು ಹೇಳ್ತೀನಿ. 13 ತಿಂಗಳ ಶೆಫರ್ಡ್ ನೋಡೋಕೆ ದೊಡ್ಡದು, ಮೈಯೊಳಗೆ ಇನ್ನೂ ಮರಿ.

ಕಾಲಿನ ಉದ್ದ ಮೂಳೆಗಳ ತುದಿಯಲ್ಲಿ ಗ್ರೋಥ್ ಪ್ಲೇಟ್ ಅಂತ ಮೆದು ಪಟ್ಟಿ ಇರುತ್ತೆ. ಮೂಳೆ ಉದ್ದ ಆಗೋದು ಅಲ್ಲಿಂದಲೇ. ಅದನ್ನ ಮುಚ್ಚಿಸೋದು ಈಸ್ಟ್ರೋಜನ್, ಟೆಸ್ಟೋಸ್ಟಿರಾನ್. ಅಂಡಾಶಯ ಅಥವಾ ಬೀಜ ಬೇಗ ತೆಗೆದ್ರೆ ಪ್ಲೇಟ್ ಮುಚ್ಚೋದು ತಡ ಆಗಿ ಮೂಳೆ ಬೇಕಾದ್ದಕ್ಕಿಂತ ಉದ್ದ ಬೆಳೆಯುತ್ತೆ. ನಮ್ಮ ಕಡೆ ಎತ್ತಿಗೆ ಎಳೇದರಲ್ಲೇ ಬೀಜ ಒಡೆಸಿದ್ರೆ ಕಾಲು ಉದ್ದ, ಎದೆ ಕಿರಿದು ಅಂತ ರೈತರು ಹೇಳ್ತಾರಲ್ಲ, ಅದೇ ಲೆಕ್ಕ. ಕೆಲವು ಪ್ಲೇಟ್ ಮುಚ್ಚಿ ಕೆಲವು ತೆರೆದಿರುವಾಗ ಆಪರೇಷನ್ ಆದ್ರೆ ತೊಡೆ ಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ಅನುಪಾತ ತಪ್ಪುತ್ತೆ. ಕೆಳಗಿನ ಮೂಳೆಯ ಮೇಲ್ಭಾಗದ ಇಳಿಜಾರು ಕಡಿದಾದಷ್ಟೂ ಮಂಡಿಯ ಕ್ರೂಶಿಯೇಟ್ ಲಿಗಮೆಂಟಿಗೆ (ಮಂಡಿ ಕೀಲು ಹಿಡಿದಿಡೋ ಕಟ್ಟು) ಎಳೆತ ಜಾಸ್ತಿ.

ಅಜಿಲಿಟಿಯಲ್ಲಿ ಇದು ಯಾಕೆ ಮುಖ್ಯ ಅಂದ್ರೆ, 57 ಸೆಂ.ಮೀ. ನಾಯಿ ಎಫ್‌ಸಿಐ (ಅಂತರರಾಷ್ಟ್ರೀಯ ಕೆನಲ್ ಸಂಸ್ಥೆ) ನಿಯಮದ ಪ್ರಕಾರ ಲಾರ್ಜ್ ವರ್ಗ. ಜಂಪ್ 55ರಿಂದ 60 ಸೆಂ.ಮೀ. ಎ-ಫ್ರೇಮ್ (ಎರಡು ಇಳಿಜಾರು ಹಲಗೆ ಸೇರಿಸಿದ ಅಡೆತಡೆ) 1.70 ಮೀಟರ್ ಎತ್ತರ, ಅಲ್ಲಿಂದ ಇಳಿದು ಕೊನೆಯ 1.06 ಮೀಟರ್ ಬಣ್ಣದ ಜಾಗ ಮುಟ್ಟಿ ತಕ್ಷಣ ತಿರುಗಬೇಕು. ಕಾಲು ನೆಲಕ್ಕೂರಿ ಮೈ ತಿರುಚಿದಾಗ ಪೂರ್ತಿ ಭಾರ ಬೀಳೋದು ಆ ಲಿಗಮೆಂಟಿನ ಮೇಲೇ. ಮನೆ ಕಾಯೋ ನಾಯಿಗೂ ಓಡೋ ನಾಯಿಗೂ ಒಂದೇ ಸಲಹೆ ಹೊಂದಲ್ಲ ಅನ್ನೋದು ಇದಕ್ಕೇ.

ದುರ್ಗದ ಪಶುವೈದ್ಯ

ಹರಿಹರದ ಸರ್ ಹೇಳಿದ್ದಕ್ಕೆ ಅಂಕಿ ಸೇರಿಸುತ್ತೇನೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2013ರಲ್ಲಿ 759 ಗೋಲ್ಡನ್ ರಿಟ್ರೀವರ್‌ಗಳ ದಾಖಲೆ ಪರಿಶೀಲಿಸಿದರು. ಒಂದು ವರ್ಷದೊಳಗೆ ಆಪರೇಷನ್ ಆದ ಗಂಡುಗಳಲ್ಲಿ 10% ನಾಯಿಗಳಿಗೆ ಹಿಪ್ ಡಿಸ್‌ಪ್ಲೇಸಿಯಾ (ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ), ಆಪರೇಷನ್ ಆಗದವಕ್ಕಿಂತ ಎರಡು ಪಟ್ಟು. ಕ್ರೂಶಿಯೇಟ್ ಲಿಗಮೆಂಟ್ ಹರಿದದ್ದು ಆಪರೇಷನ್ ಆಗದ ಗುಂಪಿನಲ್ಲಿ ಒಂದೂ ಇರಲಿಲ್ಲ. ಬೇಗ ಮಾಡಿಸಿದ ಗಂಡಿನಲ್ಲಿ 5%, ಹೆಣ್ಣಿನಲ್ಲಿ 8%.

ನಿಮಗೆ ನೇರ ಸಂಬಂಧಪಟ್ಟದ್ದು 2016ರ ಜರ್ಮನ್ ಶೆಫರ್ಡ್ ಅಧ್ಯಯನ. ಒಂದು ವರ್ಷದೊಳಗೆ ಆಪರೇಷನ್ ಆದ ಹೆಣ್ಣುಗಳಲ್ಲಿ 16% ನಾಯಿಗಳಿಗೆ ಒಂದಾದರೂ ಕೀಲು ತೊಂದರೆ, ಆಗದವುಗಳಲ್ಲಿ 5%. ಗಂಡಿನಲ್ಲಿ 21% ಮತ್ತು 7%. ಇದಲ್ಲದೆ ಬೇಗ ಮಾಡಿಸಿದ ಹೆಣ್ಣುಗಳಲ್ಲಿ 7% ಮುಂದೆ ಮೂತ್ರ ಹಿಡಿಯಲಾಗದೆ ಮಲಗಿದಲ್ಲೇ ಸೋರಿಸುತ್ತಿದ್ದವು.

2020ರಲ್ಲಿ ಅದೇ ತಂಡ 35 ತಳಿಗಳ ಲೆಕ್ಕ ಕೊಟ್ಟಿತು. ಚಿಕ್ಕ ತಳಿಗಳಲ್ಲಿ ಕೀಲಿನ ತೊಂದರೆ ಏರಿದ್ದು ಕಾಣಲಿಲ್ಲ, ದೊಡ್ಡ ತಳಿಗಳಲ್ಲಿ ಏರಿತು. ಶೆಫರ್ಡ್‌ಗೆ ಅವರ ಸಲಹೆ ಎರಡು ವರ್ಷ ದಾಟಲಿ ಎಂಬುದು. ಇವು ಒಂದೇ ಆಸ್ಪತ್ರೆಗೆ ಬಂದ ನಾಯಿಗಳ ಹಳೆಯ ದಾಖಲೆಗಳು, ಎಲ್ಲ ನಾಯಿಗೂ ಹಾಗೇ ಆಗುತ್ತದೆ ಎಂದಲ್ಲ. ಆದರೆ ಮೂರು ಅಧ್ಯಯನಗಳೂ ಒಂದೇ ದಿಕ್ಕು ತೋರಿಸುತ್ತವೆ. ದೊಡ್ಡ ತಳಿಯ ಓಡುವ ನಾಯಿಗೆ ಒಂದು ವರ್ಷದೊಳಗಿನ ಆಪರೇಷನ್ ನಾನು ಹೇಳುವುದಿಲ್ಲ.

ವಿದ್ಯಾನಗರ ಆರೈಕೆ

ಅಕ್ಷರಶಃ ಎರಡು ವರ್ಷ ಕಾಯಿರಿ ಅನ್ನೋದು ಹೇಳೋಕೆ ಸುಲಭ. ದಾವಣಗೆರೆ ಬೀದಿಗಳಲ್ಲಿ ಗಂಡು ನಾಯಿಗಳ ಹಿಂಡು ಎಷ್ಟಿದೆ ಅಂತ ಗೊತ್ತಲ್ವಾ? ಹೀಟಿಗೆ ಬಂದ ಹೆಣ್ಣಿನ ವಾಸನೆಗೆ ಆರಡಿ ಕಾಂಪೌಂಡ್ ಹತ್ತಿ ಇಳೀತಾವೆ. ಬೇಡದ ಮರಿಗಳು ಕೊನೆಗೆ ಬೀದಿಗೇ ಬೀಳೋದು. ಮೊಲೆ ಗಡ್ಡೆ ವಿಷಯವೂ ಇದೆ. ಮೊದಲ ಹೀಟಿಗೆ ಮುಂಚೆ ಮಾಡಿಸಿದ್ರೆ ಮೊಲೆ ಗಡ್ಡೆಯ ಅಪಾಯ 0.5%, ಒಂದು ಹೀಟ್ ಆದ ಮೇಲೆ 8%, ಎರಡು ಆದ ಮೇಲೆ 26% ಅಂತ 1969ರಿಂದ ಎಲ್ಲಾ ಪುಸ್ತಕದಲ್ಲೂ ಇದೆ. ಮೊದಲ ಹೀಟ್ ಆಗಲೇ ದಾಟಿದೆ. ಎರಡನೇದನ್ನೂ ಯಾಕೆ ದಾಟಿಸಬೇಕು? ನವೆಂಬರ್‌ನಲ್ಲೇ ಮಾಡಿಸಿ.

ದುರ್ಗದ ಪಶುವೈದ್ಯ

ಅಕ್ಕಾ, ನಿಮ್ಮ ಆತಂಕ ಸರಿಯಾದದ್ದೇ. ಆ 8, 26 ಅನ್ನುವುದನ್ನು ಮಾತ್ರ ಸರಿಯಾಗಿ ಓದಬೇಕು. ನೂರರಲ್ಲಿ 26 ನಾಯಿಗೆ ಗಡ್ಡೆ ಬರುತ್ತದೆ ಎಂದು ಅದರ ಅರ್ಥವಲ್ಲ. ಆಪರೇಷನ್ನೇ ಆಗದ ನಾಯಿಗೆ ಇರುವ ಅಪಾಯವನ್ನು 100 ಎಂದು ಹಿಡಿದರೆ ಇದಕ್ಕೆ 26 ಎಂದು. ಅಂದರೆ ಎರಡು ಹೀಟ್ ಆದ ಮೇಲೆ ಮಾಡಿಸಿದರೂ ಅಪಾಯ ಕಾಲು ಭಾಗಕ್ಕೆ ಇಳಿದಿರುತ್ತದೆ. 2012ರಲ್ಲಿ ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದವರು ಸಾಕ್ಷ್ಯ ದುರ್ಬಲ ಎಂದೇ ಬರೆದರು.

ಪಯೋಮೆಟ್ರಾ ಮಾತ್ರ ಹಗುರ ಅಲ್ಲ. ಸ್ವೀಡನ್ನಿನ ವಿಮೆ ದಾಖಲೆಗಳ ಪ್ರಕಾರ ಆಪರೇಷನ್ ಆಗದ ಹೆಣ್ಣುಗಳಲ್ಲಿ ಹತ್ತು ವರ್ಷದೊಳಗೆ ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದಕ್ಕೆ ಅದು ಬರುತ್ತದೆ. ಹಾಗಾಗಿ ಜೀವನಪೂರ್ತಿ ಮಾಡಿಸದೇ ಬಿಡಿ ಎಂದು ನಾನು ಹೇಳುವುದಿಲ್ಲ. ವರ್ಷ ಏರಿದಂತೆ ಪಯೋಮೆಟ್ರಾ ಏರುತ್ತದೆ, ಮೂಳೆ ಬಲಿತ ಮೇಲೆ ಆಪರೇಷನ್‌ನಿಂದ ಕೀಲಿಗೆ ಆಗುವ ನಷ್ಟ ಇಳಿಯುತ್ತದೆ. ಇವೆರಡರ ನಡುವೆ ಒಂದು ಒಳ್ಳೆಯ ಕಿಟಕಿ ಇದೆ. ಶೆಫರ್ಡ್‌ಗೆ ಅದು ನನ್ನ ಲೆಕ್ಕದಲ್ಲಿ ಸುಮಾರು 20 ತಿಂಗಳಿನಿಂದ ನಾಲ್ಕು ವರ್ಷದವರೆಗೆ.

ಪಿಜೆ ಬಡಾವಣೆ ಶೆಫರ್ಡ್

ಹಂಗಾದ್ರೆ ಎರಡನೇ ಹೀಟ್ ಜನವರಿ ಹೊತ್ತಿಗೆ ಬರುತ್ತೆ. ಅದನ್ನ ದಾಟಿಸೋದು ಹೆಂಗೆ? ಹೀಟ್ ಮುಂದಕ್ಕೆ ಹಾಕೋ ಇಂಜೆಕ್ಷನ್ ಐತಿ ಅಂತಾರಲ್ಲ, ಸ್ಪರ್ಧೆ ಇದ್ರೆ ಅದನ್ನ ಕೊಡಿಸಬಹುದಾ?

ದುರ್ಗದ ಪಶುವೈದ್ಯ

ಬೇಡ. ಖಂಡಿತ ಬೇಡ. ಅದು ಪ್ರೊಜೆಸ್ಟಿನ್, ಅಂದರೆ ಪ್ರೊಜೆಸ್ಟರಾನ್ ಥರದ ಇಂಜೆಕ್ಷನ್. ನಾವು ತಪ್ಪಿಸಲು ನೋಡುತ್ತಿರುವ ಪಯೋಮೆಟ್ರಾ, ಮೊಲೆ ಗಡ್ಡೆ ಎರಡನ್ನೂ ಅದೇ ಹೆಚ್ಚಿಸುತ್ತದೆ, ಸಕ್ಕರೆ ಕಾಯಿಲೆಯನ್ನೂ ತರಬಹುದು. ಹಾಗೆಯೇ ಅಚಾತುರ್ಯದಿಂದ ಗಂಡು ಹತ್ತಿತು ಎಂದು ಈಸ್ಟ್ರೋಜನ್ ಇಂಜೆಕ್ಷನ್ ಹಾಕಿಸುವುದೂ ಅಪಾಯ. ಪಯೋಮೆಟ್ರಾ ಜೊತೆಗೆ ಮೂಳೆ ಮಜ್ಜೆಯನ್ನೇ ಕುಗ್ಗಿಸುತ್ತದೆ, ರಕ್ತ ಉತ್ಪತ್ತಿ ನಿಂತು ನಾಯಿ ಸತ್ತಿರುವ ಪ್ರಕರಣಗಳಿವೆ.

ಹರಿಹರ ಟ್ರೇನರ್

ಹೀಟ್ ದಾಟಿಸೋದು ಶಿಸ್ತಿನ ಕೆಲಸ, ಅಸಾಧ್ಯ ಏನಲ್ಲ. ಮೊದಲ ರಕ್ತದ ಹನಿ ಕಂಡ ದಿನ ಕ್ಯಾಲೆಂಡರಿನಲ್ಲಿ ಬರೀರಿ. ಅಲ್ಲಿಂದ 24 ದಿನ ಹಗ್ಗ ಬಿಡಬೇಡಿ. ಹೆಚ್ಚಿನವರು ತಪ್ಪೋದು ಎಲ್ಲಿ ಅಂದ್ರೆ, ಒಂಬತ್ತು ಹತ್ತು ದಿನಕ್ಕೆ ರಕ್ತ ತಿಳಿಯಾಗುತ್ತೆ, ಮುಗೀತು ಅಂತ ಬಿಟ್ಟುಬಿಡ್ತಾರೆ. ಗಂಡನ್ನ ಒಪ್ಪೋ ದಿನಗಳು ಶುರುವಾಗೋದೇ ಆವಾಗ. ಬಾಲ ಪಕ್ಕಕ್ಕೆ ಹಾಕಿ ನಿಂತ್ರೆ ಅದೇ ಗುರುತು.

ಟೆರೇಸ್, ಅಂಗಳದಲ್ಲಿ ಒಂಟಿಯಾಗಿ ಬಿಡಬೇಡಿ. ಬೆಳಗ್ಗೆ ಐದಕ್ಕೆ ಬೀದಿ ಹಿಂಡು ಓಡಾಡೋ ಹೊತ್ತು, ಆವಾಗ ಹೊರಗೆ ಬೇಡ. ಬಿಸಿಲು ಏರೋ ಮುಂಚೆ ಎಂಟರ ಸುಮಾರಿಗೆ, ಕೈಯಲ್ಲಿ ಒಂದು ಕೋಲು, ಜೊತೆಗೆ ಇನ್ನೊಬ್ಬರು. ಚಡ್ಡಿ ಕಟ್ಟೋದು ನೆಲ ಕೊಳೆ ಆಗದಿರಲಿ ಅಂತ ಅಷ್ಟೇ, ಅದು ಗಂಡನ್ನ ತಡೆಯಲ್ಲ. ವಾಪಸ್ ಬಂದ ಮೇಲೆ ಗೇಟಿನ ಮುಂದೆ ನೀರು ಸುರಿದು ಗುಡಿಸಿ.

ಸ್ಪರ್ಧೆ ವಿಷಯ: ಎಫ್‌ಸಿಐ ಅಜಿಲಿಟಿ ನಿಯಮದಲ್ಲಿ ಹೀಟಿನಲ್ಲಿರೋ ಹೆಣ್ಣಿಗೂ ಅವಕಾಶ ಇದೆ, ಬೇರೆ ನಾಯಿಗಳಿಂದ ದೂರ ಇರಿಸಿ ಎಲ್ಲರೂ ಓಡಿದ ಮೇಲೆ ಕೊನೇಲಿ ಓಡಿಸ್ತಾರೆ. ಬ್ರಿಟನ್, ಅಮೆರಿಕದ ಕೆನಲ್ ಕ್ಲಬ್ ಅಜಿಲಿಟಿಯಲ್ಲಿ ಸಾಮಾನ್ಯವಾಗಿ ಬಿಡಲ್ಲ. ನಮ್ಮಲ್ಲಿ ಆಯೋಜಕರು ಯಾವ ನಿಯಮ ಹಿಡೀತಾರೆ ಅಂತ ಹಣ ಕಟ್ಟೋ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಬೆಂಗಳೂರಿಗೆ 260 ಕಿ.ಮೀ. ಹೋಗಿ ಗೇಟಿನಲ್ಲಿ ವಾಪಸ್ ಬರೋದು ಬೇಡ. ಆಪರೇಷನ್ ಆಗಿದೆಯೋ ಇಲ್ಲವೋ ಅನ್ನೋದು ಅಜಿಲಿಟಿಗೆ ಅಡ್ಡಿ ಅಲ್ಲ. ಎಫ್‌ಸಿಐ ಪ್ರಕಾರ 18 ತಿಂಗಳು ತುಂಬಿರಬೇಕು, ನಿಮ್ಮ ನಾಯಿಗೆ ಅದು ಫೆಬ್ರವರಿ.

ಶೋ ರಿಂಗ್ ಹಿಡಿದವರು

ಒಂದು ಮಾತು. ಅಜಿಲಿಟಿ ಬೇರೆ, ಸೌಂದರ್ಯದ ಶೋ ಬೇರೆ. ಶೋ ರಿಂಗಿಗೆ ಇಳಿಸುವ ಆಸೆ ಸ್ವಲ್ಪವಾದರೂ ಇದ್ದರೆ ಆಪರೇಷನ್‌ಗೆ ಮುಂಚೆಯೇ ಅದನ್ನು ಮುಗಿಸಿಕೊಳ್ಳಿ. ಗಂಡಿಗೆ ಎರಡೂ ಬೀಜ ಚೀಲಕ್ಕೆ ಇಳಿದಿರಬೇಕು ಎಂದು ಪ್ರತಿ ತಳಿಯ ಮಾನದಂಡದ ಕೊನೆಯಲ್ಲೂ ಬರೆದಿರುತ್ತದೆ.

ಎಂಸಿಸಿ ಬ್ಲಾಕ್ ಬೀಗಲ್

ಇದೇ ಜಾಗದಲ್ಲಿ ಕೇಳಿಬಿಡ್ತೀನಿ. ಗಂಡು ಬೀಗಲ್, 7 ತಿಂಗಳು, 34 ಸೆಂ.ಮೀ. ಕೋರ್ಸಿನಲ್ಲಿ ಮೂರು ಜಂಪ್ ಆದ ಮೇಲೆ ಮೂಗು ನೆಲಕ್ಕೆ, ಕಂಬ ಕಂಬಕ್ಕೂ ಕಾಲೆತ್ತೋದು. ಬೀಜ ತೆಗೆಸಿದ್ರೆ ಗಮನ ನಿಲ್ಲುತ್ತಾ?

ಹರಿಹರ ಟ್ರೇನರ್

ಎರಡನ್ನೂ ಬೇರೆ ಮಾಡಿ ನೋಡಿ. ಕಾಲೆತ್ತೋದು, ಹೆಣ್ಣಿನ ವಾಸನೆ ಹಿಡಿದು ಓಡೋದು, ಏರೋದು ಇವು ಬಹಳಷ್ಟು ನಾಯಿಗಳಲ್ಲಿ ಕಡಿಮೆ ಆಗುತ್ತೆ. ಮೂಗು ನೆಲಕ್ಕಿಡೋದು ಬೀಗಲ್ ರಕ್ತದಲ್ಲೇ ಇದೆ, ಅದಕ್ಕೂ ಬೀಜಕ್ಕೂ ಸಂಬಂಧ ಇಲ್ಲ. ಅದು ತರಬೇತಿಯಿಂದ ಸರಿ ಆಗಬೇಕು. ಮೂರನೇ ಜಂಪಿಗೆ ಗಮನ ಹೋಗುತ್ತೆ ಅಂದ್ರೆ ಎರಡನೇ ಜಂಪಿಗೇ ತಿನಿಸು ಕೊಟ್ಟು ನಿಲ್ಲಿಸಿ, ನಿಧಾನಕ್ಕೆ ಒಂದೊಂದು ಸೇರಿಸಿ. ಓಟದ ಮುಂಚೆ ಹತ್ತು ನಿಮಿಷ ಹೊರಗೆ ಸುತ್ತಿಸಿ ಮೂತ್ರ ಖಾಲಿ ಮಾಡಿಸಿ, ರಿಂಗ್ ಒಳಗೆ ಮೂತ್ರ ಮಾಡಿದ್ರೆ ಡಿಸ್‌ಕ್ವಾಲಿಫೈ. ನಾಯಿ ಅಂಜುಬುರುಕ ಆಗಿದ್ರೆ ಧೈರ್ಯ ಬರಲಿ ಅಂತ ಆಪರೇಷನ್ ಮಾಡಿಸೋದು ತಪ್ಪು. ಟೆಸ್ಟೋಸ್ಟಿರಾನ್ ಹೋದ ಮೇಲೆ ಅಂಜಿಕೆ ಹೆಚ್ಚಾಗೋ ಸಾಧ್ಯತೆಯೇ ಇದೆ.

ನಿಮ್ಮ ನಾಯಿಗೆ ಇನ್ನೊಂದು ಮುಖ್ಯ ಲೆಕ್ಕ. ಸ್ಮಾಲ್ ವರ್ಗ 35 ಸೆಂ.ಮೀ.ಗಿಂತ ಕಡಿಮೆ, ಜಂಪ್ 25ರಿಂದ 30. ಮೀಡಿಯಂ 35ರಿಂದ 43ರ ಒಳಗೆ, ಜಂಪ್ 35ರಿಂದ 40. ಈಗಲೇ 34 ಇರೋ ನಾಯಿಗೆ ಏಳು ತಿಂಗಳಲ್ಲಿ ಬೀಜ ತೆಗೆಸಿ ಮೂಳೆ ಒಂದೇ ಒಂದು ಸೆಂ.ಮೀ. ಜಾಸ್ತಿ ಬೆಳೆದ್ರೂ ಸಾಕು, ಜೀವನಪೂರ್ತಿ ಹತ್ತು ಸೆಂ.ಮೀ. ಹೆಚ್ಚು ಎತ್ತರದ ಜಂಪ್ ಹಾರಬೇಕು, ಮೀಡಿಯಂ ವರ್ಗದಲ್ಲೇ ಗಿಡ್ಡ ನಾಯಿಯಾಗಿ. ಒಂದು ವರ್ಷ ದಾಟಲಿ.

ದುರ್ಗದ ಪಶುವೈದ್ಯ

ಎರಡೂ ಬೀಜ ಇಳಿದಿವೆಯೇ ಎಂದು ಮುಟ್ಟಿ ನೋಡಿ. ಆರು ತಿಂಗಳಿಗೂ ಒಂದು ಹೊಟ್ಟೆಯೊಳಗೇ ಉಳಿದಿದ್ದರೆ ಲೆಕ್ಕ ಬದಲಾಗುತ್ತದೆ. ಒಳಗುಳಿದ ಬೀಜದಲ್ಲಿ ಗಡ್ಡೆ ಆಗುವುದು ಹೆಚ್ಚು, ಅದನ್ನು ತೆಗೆಸಲೇಬೇಕು, ಬೆಳವಣಿಗೆ ಮುಗಿದ ಕೂಡಲೇ.

ಶಾಶ್ವತವಾಗಿ ತೆಗೆಯುವ ಮುನ್ನ ಪರೀಕ್ಷೆ ಮಾಡಿ ನೋಡಲು ಡೆಸ್ಲೊರೆಲಿನ್ ಅನ್ನುವ ಇಂಪ್ಲಾಂಟ್ ಇದೆ. ಚರ್ಮದಡಿ ಇಡುವುದು. 4.7 ಮಿ.ಗ್ರಾಂ.ದು ಸುಮಾರು ಆರು ತಿಂಗಳು, 9.4 ಮಿ.ಗ್ರಾಂ.ದು ಒಂದು ವರ್ಷ ಬೀಜದ ಕೆಲಸ ನಿಲ್ಲಿಸುತ್ತದೆ. ಮೊದಲ ಎರಡು ಮೂರು ವಾರ ಟೆಸ್ಟೋಸ್ಟಿರಾನ್ ಇಳಿಯುವ ಬದಲು ಏರುತ್ತದೆ, ಆಗ ಸ್ಪರ್ಧೆ ಇಟ್ಟುಕೊಳ್ಳಬೇಡಿ. ಬೆಳೆಯುವ ನಾಯಿಗೆ ಇದೂ ಗ್ರೋಥ್ ಪ್ಲೇಟಿನ ಮೇಲೆ ಪರಿಣಾಮ ಮಾಡುತ್ತದೆ, ಆದ್ದರಿಂದ ಇದೂ ವರ್ಷ ದಾಟಿದ ಮೇಲೆ. ಬೀಜ ತೆಗೆದ ಗಂಡಿನ ನಾಳದಲ್ಲಿ ವೀರ್ಯ ಉಳಿದಿರುತ್ತದೆ, ಒಂದು ತಿಂಗಳು ಹೀಟಿನ ಹೆಣ್ಣಿನ ಹತ್ತಿರ ಬಿಡಬೇಡಿ.

ಹಿರಿಯೂರು ಮುಧೋಳ

ಡಾಕ್ಟ್ರೇ, ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸೋ ಪದ್ಧತಿ ಇದೆಯಲ್ಲ, ಓಡೋ ನಾಯಿಗೆ ಅದು ಒಳ್ಳೇದಲ್ವಾ? ಮುಧೋಳ ನಾಯಿಗೆ ಅರಿವಳಿಕೆ ಕೊಡುವಾಗ ಬೇರೆ ಜಾಗ್ರತೆ ಏನು?

ದುರ್ಗದ ಪಶುವೈದ್ಯ

ಅಂಡಾಶಯ ಉಳಿಸಿದರೆ ಹಾರ್ಮೋನ್ ಉಳಿಯುತ್ತದೆ, ಮೂಳೆ ಸ್ನಾಯುವಿಗೆ ಒಳ್ಳೆಯದೇ. ಆದರೆ ಹೀಟ್ ಬರುತ್ತಲೇ ಇರುತ್ತದೆ, ಗಂಡುಗಳು ಬೆನ್ನು ಹತ್ತುತ್ತಲೇ ಇರುತ್ತವೆ, ಮೊಲೆ ಗಡ್ಡೆಯ ಅಪಾಯ ಹಾಗೇ ಇರುತ್ತದೆ. ಗರ್ಭಕೋಶವನ್ನು ಗರ್ಭದ ಬಾಯಿಯವರೆಗೂ ಪೂರ್ತಿ ತೆಗೆಯಬೇಕು, ತುಂಡು ಉಳಿದರೆ ಅದರಲ್ಲೇ ಕೀವಾಗುತ್ತದೆ. ಮಾಡಿ ರೂಢಿ ಇರುವವರು ಕಡಿಮೆ. ಮೂಳೆ ಬಲಿಯುವವರೆಗೆ ಕಾಯಲು ಸಾಧ್ಯವಿದ್ದರೆ ಮಾಮೂಲಿ ಆಪರೇಷನ್ನೇ ಸಾಕು.

ಮುಧೋಳದಂಥ ಬೇಟೆ ನಾಯಿಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಥಯೋಪೆಂಟೋನ್ ಅನ್ನುವ ಅರಿವಳಿಕೆ ಔಷಧಿ ಕೊಟ್ಟರೆ ಎಚ್ಚರವಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಪ್ರೊಪೊಫಾಲ್ ಕೊಟ್ಟು ಐಸೋಫ್ಲುರೇನ್ ಗ್ಯಾಸಿನ ಮೇಲೆ ಇಡುವಲ್ಲಿ ಮಾಡಿಸಿ. ಮೈ ಬೇಗ ತಣ್ಣಗಾಗುತ್ತದೆ, ಕಂಬಳಿ ಒಯ್ಯಿರಿ.

ಇನ್ನು ಎಲ್ಲ ತಳಿಗೂ, ನಮ್ಮ ಸೀಮೆಯಲ್ಲಿ ಯಾರೂ ಬಿಡಬಾರದ ಪರೀಕ್ಷೆ ಒಂದಿದೆ: ಪ್ಲೇಟ್‌ಲೆಟ್ ಎಣಿಕೆ. ಉಣ್ಣೆ ಹುಳದಿಂದ (ಟಿಕ್) ಬರುವ ಎರ್ಲಿಕಿಯಾ, ಬಬೇಸಿಯಾ ಸೋಂಕುಗಳು ಇಲ್ಲಿ ಸಾಮಾನ್ಯ. ನಾಯಿ ಹೊರಗೆ ಚುರುಕಾಗಿ ಓಡುತ್ತಲೇ ಇರುತ್ತದೆ, ಒಳಗೆ ಪ್ಲೇಟ್‌ಲೆಟ್ ಕುಸಿದಿರುತ್ತದೆ, ಹೊಟ್ಟೆ ತೆರೆದ ಮೇಲೆ ರಕ್ತ ಹೆಪ್ಪುಗಟ್ಟುವುದಿಲ್ಲ. ಆರೋಗ್ಯದ ನಾಯಿಗೆ ಎರಡರಿಂದ ಐದು ಲಕ್ಷ ಇರಬೇಕು. ಒಂದು ಲಕ್ಷಕ್ಕಿಂತ ಕೆಳಗಿದ್ದರೆ ಆಪರೇಷನ್ ಮುಂದೂಡಿ. ಎರ್ಲಿಕಿಯಾ ಸಿಕ್ಕರೆ ಡಾಕ್ಸಿಸೈಕ್ಲಿನ್ ದಿನಕ್ಕೆ ಕೆಜಿಗೆ 10 ಮಿ.ಗ್ರಾಂ. ಲೆಕ್ಕದಲ್ಲಿ 28 ದಿನ, ಮತ್ತೆ ರಕ್ತ ನೋಡಿ ಆಮೇಲೆ ದಿನ ಗೊತ್ತು ಮಾಡಿ. ಜೊತೆಗೆ ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಲಿವರ್ ಪರೀಕ್ಷೆ. ಆಪರೇಷನ್ ದಿನಕ್ಕೆ 8ರಿಂದ 12 ಗಂಟೆ ಮುಂಚೆ ಊಟ ನಿಲ್ಲಿಸಿ.

ಶೆಫರ್ಡ್ ಮಾಲೀಕರೇ, ನೀವು ಅದೇ ಮತ್ತಿನಲ್ಲಿ ಹಿಪ್ ಮತ್ತು ಮಂಡಿಯ ಎಕ್ಸ್‌ರೇಯನ್ನೂ ತೆಗೆಸಿಕೊಳ್ಳಿ. ಎಚ್ಚರವಿದ್ದ ನಾಯಿಯ ಕಾಲು ನೇರ ಎಳೆದು ಹಿಪ್ ಎಕ್ಸ್‌ರೇ ಸರಿಯಾಗಿ ಬರುವುದಿಲ್ಲ. 60 ಸೆಂ.ಮೀ. ಹಾರಿಸುವ ಮುನ್ನ ಕೀಲು ಹೇಗಿದೆ ಎಂದು ಹೇಗೂ ಗೊತ್ತಿರಬೇಕು.

ಪಿಜೆ ಬಡಾವಣೆ ಶೆಫರ್ಡ್

ಜನವರಿ ಮಧ್ಯಕ್ಕೆ ಹೀಟ್ ಬಂದ್ರೆ ಮುಗಿದು ಮೂರು ತಿಂಗಳು ಅಂದ್ರೆ ಮೇ ಮೊದಲ ವಾರ. ಮೇ ಬಿಸಿಲಲ್ಲಿ ಆಪರೇಷನ್ ಮಾಡಿಸೋದು ಸರೀನಾ?

ಚಳ್ಳಕೆರೆ ಪೆಟ್ ಫಿಸಿಯೋ

ಓಡೋ ನಾಯಿಗೆ ಮೇ ತಿಂಗಳೇ ಒಳ್ಳೇದು ಅಂತ ನನ್ನ ಅಭಿಪ್ರಾಯ. 38, 40 ಡಿಗ್ರಿಯಲ್ಲಿ ಶೆಫರ್ಡ್‌ನ ಹೇಗೂ ಓಡಿಸೋಕೆ ಆಗಲ್ಲ. ಎರೆ ಹೊಲದ ನೆಲ ಬಿರುಕು ಬಿಟ್ಟಿರುತ್ತೆ, ಜಂಪಿನಿಂದ ಇಳಿದಾಗ ಬೆರಳು ಸಿಕ್ಕಿಕೊಳ್ಳುತ್ತೆ. ಓಟ ನಿಲ್ಲಿಸೋ ತಿಂಗಳಲ್ಲೇ ವಿಶ್ರಾಂತಿ ಇಟ್ಟುಕೊಂಡ್ರೆ ಏನೂ ನಷ್ಟ ಇಲ್ಲ. ನಾಯಿ ಫ್ಯಾನ್ ಕೆಳಗೆ ಒಳಗೇ ಇರಲಿ. ಜೂನ್ ಮಳೆ ಬಿದ್ದ ಮೇಲೆ ಗಾಯಕ್ಕೆ ನೊಣ ಕೂತು ಹುಳ ಆಗೋ ಕಾಟ, ಅಷ್ಟರೊಳಗೆ ಹೊಲಿಗೆ ಮಾಗಿರುತ್ತೆ.

ವಾಪಸ್ ಓಟಕ್ಕೆ ತರೋ ಕ್ರಮ ಗಟ್ಟಿಯಾಗಿ ಹಿಡೀಬೇಕು. ಹೊರಗಿನ ಚರ್ಮ ಹತ್ತು ಹದಿನಾಲ್ಕು ದಿನಕ್ಕೆ ಕೂಡಿರುತ್ತೆ, ಎಲ್ಲರೂ ಅದನ್ನ ನೋಡಿ ಬಿಡ್ತಾರೆ. ಒಳಗೆ ಹೊಟ್ಟೆಯ ಸ್ನಾಯುಗಳು ಕೂಡೋ ನಡುವಿನ ಬಿಳಿ ಪಟ್ಟಿ ಆಗ ಇನ್ನೂ ಅರೆಬಲದಲ್ಲೂ ಇರಲ್ಲ. ಅವತ್ತು ಸೋಫಾದಿಂದ ಹಾರಿದ್ರೆ ಒಳಗಿನ ಹೊಲಿಗೆ ಬಿಚ್ಚಿ ಕರುಳು ಚರ್ಮದಡಿಗೆ ಬರುತ್ತೆ.

ಮೊದಲ ಮೂರು ದಿನ ಹಗ್ಗ ಹಿಡಿದು ಮೂತ್ರಕ್ಕೆ ಮಾತ್ರ, ಐದೈದು ನಿಮಿಷ. ಹದಿನಾಲ್ಕನೇ ದಿನದವರೆಗೆ ದಿನಕ್ಕೆ ಮೂರು ಸಲ ಹತ್ತು ನಿಮಿಷ ನಡಿಗೆ. ಮೆಟ್ಟಿಲು ಬೇಡ, ಕಾರಿಗೆ ಎತ್ತಿ ಹತ್ತಿಸಿ, ಕೊರಳಿಗೆ ಕೋನ್ ಕಾಲರ್ ರಾತ್ರಿಯೂ ಇರಲಿ. ಮೂರು, ನಾಲ್ಕನೇ ವಾರ ನಡಿಗೆ ಅರ್ಧ ಗಂಟೆಗೆ ಏರಿಸಿ, ಕೂತು ಏಳೋದು ಐದೈದು ಸಲ, ದಿನಕ್ಕೆ ಎರಡು ಸುತ್ತು. ಹಿಂಗಾಲು ಚದರ ಆಗಿ ಮಡಚಿ ಕೂರಬೇಕು, ಒಂದು ಕಡೆ ಚಾಚಿ ಕೂತ್ರೆ ಎಣಿಸಬೇಡಿ. ಐದು, ಆರನೇ ವಾರ ಆರು ಪಿವಿಸಿ ಪೈಪ್ ನೆಲದಿಂದ 8, 10 ಸೆಂ.ಮೀ. ಎತ್ತರಕ್ಕಿಟ್ಟು ನಿಧಾನ ಟ್ರಾಟ್‌ನಲ್ಲಿ ದಾಟಿಸಿ, ನೇರ ಟನಲ್ ಸರಿ. ಏಳು, ಎಂಟನೇ ವಾರ ಜಂಪ್ 20ರಿಂದ 30 ಸೆಂ.ಮೀ., ವೀವ್ ಆರು ಕಂಬ. ಒಂಬತ್ತು, ಹತ್ತನೇ ವಾರ ವಾರಕ್ಕೆ ಹತ್ತು ಸೆಂ.ಮೀ.ಗಿಂತ ಜಾಸ್ತಿ ಏರಿಸದೆ ಮೇಲಕ್ಕೆ. ಎ-ಫ್ರೇಮ್ ಎಲ್ಲಕ್ಕಿಂತ ಕೊನೆಗೆ. ಮೇ ಮೊದಲ ವಾರ ಅಂದ್ರೆ ಪೂರ್ತಿ ಎತ್ತರ ಜುಲೈ ಕೊನೆಗೆ. ಸ್ಪರ್ಧೆಗಳ ಕಾಲ ಹೆಚ್ಚಾಗಿ ಚಳಿಗಾಲ, ಸಮಯ ಧಾರಾಳ ಇದೆ.

ಬೀಜ ತೆಗೆದ ಗಂಡಿಗೆ ಹೊಟ್ಟೆ ತೆರೆದಿಲ್ಲವಾದ್ರಿಂದ ಎರಡು ವಾರ ವಿಶ್ರಾಂತಿ, ಇನ್ನೆರಡು ವಾರದಲ್ಲಿ ನಿಧಾನ ವಾಪಸ್.

ದುರ್ಗದ ಪಶುವೈದ್ಯ

ನೋವಿಗೆ ಮೆಲೋಕ್ಸಿಕಾಮ್ ಮೊದಲ ದಿನ ಕೆಜಿಗೆ 0.2 ಮಿ.ಗ್ರಾಂ., ಆಮೇಲೆ 0.1, ಊಟದ ಜೊತೆ, ವೈದ್ಯರು ಹೇಳಿದಷ್ಟೇ ದಿನ. ಮನೆಯಲ್ಲಿರುವ ಐಬುಪ್ರೊಫೆನ್ ಕೊಡಬೇಡಿ, ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿ ಕೆಡುತ್ತದೆ. ವಸಡು ಬೆಳ್ಳಗಾದರೆ, ಗಾಯದಿಂದ ಹನಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಹೊರಡಿ.

ಆರು ತಿಂಗಳೋ ಎರಡು ವರ್ಷವೋ ಆದ ಮೇಲೆ ಮತ್ತೆ ಹೀಟಿನ ಲಕ್ಷಣ ಕಂಡರೆ ಅಂಡಾಶಯದ ಚೂರು ಉಳಿದಿದೆ ಎಂದರ್ಥ. ಆಪರೇಷನ್ ಆದ ದಿನ ಎರಡೂ ಅಂಡಾಶಯಗಳನ್ನು ಪೂರ್ತಿ ತೆಗೆದದ್ದನ್ನು ತೋರಿಸಿ ಎಂದು ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ.

ಮಲಗಿದ ಜಾಗ ಒದ್ದೆಯಾದರೆ ನೀರು ಕಡಿಮೆ ಕೊಡಬೇಡಿ, ಗದರಿಸಬೇಡಿ. ಅದು ನಿದ್ದೆಯಲ್ಲಿ ಸೋರುವುದು, 20 ಕೆಜಿ ಮೇಲ್ಪಟ್ಟ ಹೆಣ್ಣುಗಳಲ್ಲಿ ಹೆಚ್ಚು. ಮೊದಲು ಮೂತ್ರ ಪರೀಕ್ಷೆ ಮಾಡಿಸಿ ಸೋಂಕಿಲ್ಲ ಎಂದು ಖಚಿತವಾದ ಮೇಲೆ ಔಷಧಿ. ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ.

ವಿದ್ಯಾನಗರ ಆರೈಕೆ

ದಪ್ಪ ಆಗೋ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಚಳ್ಳಕೆರೆ ಪೆಟ್ ಫಿಸಿಯೋ

ಹೌದು ಅಕ್ಕಾ, ಓಟ ಕೆಡೋದು ಹೆಚ್ಚಾಗಿ ಅಲ್ಲೇ. ಹಾರ್ಮೋನ್ ಹೋದ ಮೇಲೆ ಹಸಿವು ಏರುತ್ತೆ, ಮೈಗೆ ಬೇಕಾದ ಶಕ್ತಿ ಇಳಿಯುತ್ತೆ. ಇದು ಕೆಲವೇ ವಾರದಲ್ಲಿ ಆಗುತ್ತೆ, ಮಾಲೀಕರು ನೋಡೋ ಹೊತ್ತಿಗೆ ಮೂರು ಕೆಜಿ ಏರಿರುತ್ತೆ. ಆಪರೇಷನ್ ಆದ ದಿನದಿಂದಲೇ ಊಟ ಸುಮಾರು ಕಾಲು ಭಾಗ ಇಳಿಸಿ.

26 ಕೆಜಿ ನಾಯಿಗೆ ಸುಮ್ಮನೆ ಮಲಗಿದ್ರೂ ಬೇಕಾಗೋದು ಸುಮಾರು 800 ಕ್ಯಾಲರಿ. ಆಪರೇಷನ್ ಆಗದ ಮಾಮೂಲಿ ನಾಯಿಗೆ ಅದರ 1.8 ಪಟ್ಟು, ಅಂದ್ರೆ 1450ರ ಹತ್ತಿರ. ಆದ ಮೇಲೆ 1.6 ಪಟ್ಟು, ಸುಮಾರು 1290. ವಿಶ್ರಾಂತಿಯ ಎರಡು ತಿಂಗಳು 1.3 ಪಟ್ಟು ಸಾಕು, ಸುಮಾರು 1050. ಓಟ ಶುರುವಾದ ಮೇಲೆ ತೂಕ ನೋಡಿ ಏರಿಸಿ. ತೂಕದ ಯಂತ್ರದ ಮೇಲೆ ನಾಯಿ ಎತ್ತಿಕೊಂಡು ನಿಂತು ನಿಮ್ಮ ತೂಕ ಕಳೀರಿ, ಪ್ರತಿ ಭಾನುವಾರ ಒಂದೇ ಹೊತ್ತಿಗೆ. ಪಕ್ಕೆ ಮೇಲೆ ಬೆರಳು ಆಡಿಸಿದ್ರೆ ಒತ್ತದೇನೇ ಎಲುಬು ಎಣಿಸೋಕೆ ಸಿಗಬೇಕು, ಮೇಲಿಂದ ನೋಡಿದ್ರೆ ಸೊಂಟ ಕಾಣಬೇಕು.

ತರಬೇತಿ ತಿನಿಸನ್ನೂ ಆ ಲೆಕ್ಕದೊಳಗೇ ಹಿಡೀರಿ. ಬೇಯಿಸಿದ ಕೋಳಿ ತುಂಡು ಬಟಾಣಿ ಗಾತ್ರಕ್ಕಿಂತ ದೊಡ್ಡದು ಬೇಡ. ನಮ್ಮೂರ ಮಂಡಕ್ಕಿ ಒಳ್ಳೇ ತಿನಿಸು, ಒಂದೊಂದು ಕಾಳಿಗೆ ಕ್ಯಾಲರಿ ತೀರಾ ಕಡಿಮೆ. ಬರೀ ಮಂಡಕ್ಕಿ ಮಾತ್ರ, ಒಗ್ಗರಣೆ ಹಾಕಿದ್ದಲ್ಲ. ಈರುಳ್ಳಿ ನಾಯಿಯ ರಕ್ತಕಣ ಒಡೆಯುತ್ತೆ.

ಪಿಜೆ ಬಡಾವಣೆ ಶೆಫರ್ಡ್

ಎಲ್ಲರಿಗೂ ಧನ್ಯವಾದ. ಮುಂದಿನ ವಾರದ ದಿನ ಬೇಡ ಅಂತ ಫೋನ್ ಮಾಡಿ ಹೇಳಾಯ್ತು. ಜನವರಿ ಹೀಟ್ ದಾಟಿಸಿ ಮೇ ಮೊದಲ ವಾರಕ್ಕೆ ಗ್ಯಾಸ್ ಮೇಲೆ ಮಾಡೋ ಕಡೆ ಕೇಳ್ತೀನಿ. ಅಲ್ಲಿವರೆಗೆ ಜಂಪ್ ಎಷ್ಟು ಎತ್ತರ ಇಡಬಹುದು?

ಹರಿಹರ ಟ್ರೇನರ್

15 ತಿಂಗಳವರೆಗೆ ಮೊಣಕೈ ಎತ್ತರಕ್ಕಿಂತ ಕೆಳಗೆ, ನಿಮ್ಮ ನಾಯಿಗೆ 25 ಸೆಂ.ಮೀ. ಇಡಿ. ಆಮೇಲೆ ಮಂಡಿ ಎಕ್ಸ್‌ರೇಯಲ್ಲಿ ಪ್ಲೇಟ್ ಮುಚ್ಚಿದ್ದು ಕಂಡ ಮೇಲಷ್ಟೇ ಏರಿಸೋದು, ಹನ್ನೆರಡು ಕಂಬದ ವೀವ್ ಕೂಡ ಆವಾಗಲೇ. ಈಗ ಹಿಂಗಾಲಿನ ಕೆಲಸ ಮಾಡಿಸಿ: ಹಿಂದಕ್ಕೆ ನಡೆಯೋದು, ಇಟ್ಟಿಗೆ ಮೇಲೆ ಮುಂಗಾಲಿಟ್ಟು ಹಿಂಭಾಗ ಸುತ್ತ ತಿರುಗಿಸೋದು. ದಿನಕ್ಕೆ ಐದು ನಿಮಿಷ, ಬಲಕ್ಕೆಷ್ಟೋ ಎಡಕ್ಕೂ ಅಷ್ಟೇ.